ಎರಡು ವರ್ಷದ ಮುಲಾಮು

ನಮ್ಮ ಕಡೆಯವರು ನನ್ನನ್ನು ಡಾಕ್ಟ್ರು ಅನ್ನುತ್ತಾರೆ. ನಾನು ಡಾಕ್ಟರಲ್ಲ. ಬೆಸಗರಹಳ್ಳಿಯಲ್ಲಿ ಒಂದು ಮೆಡಿಕಲ್ ಸ್ಟೋರು ಇಟ್ಟಿದ್ದೇನೆ, ಅದಕ್ಕೆ ಬೇಕಾದಷ್ಟು ಓದಿದ್ದೇನೆ, ಅಷ್ಟೇ. ಮೊದಮೊದಲು ಯಾರಾದರೂ ಹಾಗೆ ಕರೆದರೆ ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಹಾಗೆ ಕರೆಸಿಕೊಳ್ಳುವುದು ನನಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಜ್ವರಕ್ಕೆ, ಭೇದಿಗೆ, ಸೊಂಟನೋವಿಗೆ ಜನ ಮೊದಲು ನನ್ನ ಕೌಂಟರಿಗೇ ಬರುತ್ತಿದ್ದರು. ನನ್ನ ಅಣ್ಣನೂ ಅಲ್ಲಿಗೇ ಬರುತ್ತಿದ್ದ.

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಆಲೆಮನೆ ಸೇರಿದ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತು ಬೆಲ್ಲದ ಪಾಕದ ಹದ ನೋಡುವುದು ಅವನ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಕುದಿಯುವ ಪಾಕ ಅವನ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆಲ್ಲ ಚರ್ಮ ಎದ್ದು ಬಂತು. ತಿಂಗಳುಗಟ್ಟಲೆ ಮಲಗಿದ, ವಾಸಿಯಾಯಿತು. ಆದರೆ ಅಲ್ಲಿ ಕೂದಲು ಹುಟ್ಟದ, ಬಿಳಿಚಿಕೊಂಡು ಸುಕ್ಕುಗಟ್ಟಿದ ಅಗಲವಾದ ಕಲೆ ಉಳಿಯಿತು. ಆ ಜಾಗದಲ್ಲಿ ಅವನಿಗೆ ಮುಟ್ಟಿದರೂ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಅದೇ ಕಾಲಿನಲ್ಲಿ ಮತ್ತೆ ಮೂವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತ. ನನ್ನನ್ನು ಓದಿಸಿದ್ದು ಆ ಕಾಲೇ.

ಮೂರೂವರೆ ವರ್ಷದ ಹಿಂದೆ ಆ ಕಲೆಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣಾಯಿತು. ಅಣ್ಣ ಅಂಗಡಿಗೆ ಬಂದು ಪಂಚೆ ಎತ್ತಿ ತೋರಿಸಿದ. “ಒಸಿ ಮುಲಾಮ್ ಕೊಡ್ಲಾ” ಅಂದ.

ನಾನು ಕೌಂಟರಿನಿಂದ ಆಚೆಗೂ ಬರಲಿಲ್ಲ. ಕೂತಲ್ಲಿಂದಲೇ ಬಗ್ಗಿ ನೋಡಿದೆ. “ನೋವದಾ?” ಅಂದೆ.

“ಇಲ್ಲ.”

“ನೋವಿಲ್ಲ ಅಂದ್ರೆ ಏನಿಲ್ಲ ಬುಡಣ್ಣ. ಸುಟ್ಟ ಚರ್ಮ ತೆಳ್ಳಗಿರ್ತದೆ, ಪಂಚೆ ಉಜ್ಜಿ ಒಡ್ದದೆ” ಅಂದು ಒಂದು ಟ್ಯೂಬು ಕೊಟ್ಟೆ.

ಹದಿನೈದು ದಿನಕ್ಕೆ ಮತ್ತೆ ಬಂದ. ಬೇರೆ ಟ್ಯೂಬು ಕೊಟ್ಟೆ. ತಿಂಗಳು ಬಿಟ್ಟು ಬಂದ. ಮೂರು ಬಗೆಯ ಔಷಧಿ ಸೇರಿಸಿದ್ದೊಂದು ಕೊಟ್ಟೆ. ಕೆಂಪು ಒಂದಿಷ್ಟು ಇಳಿಯಿತು, ನೋಡಿದೆಯಾ ಅಂದೆ, ಅವನೂ ತಲೆ ಆಡಿಸಿದ. ಆಮೇಲೆ ಅದು ಮತ್ತೆ ಕೆದರಿಕೊಂಡಿತು. ಹೀಗೇ ನಡೆಯಿತು. ಆರುತ್ತಾ ಬಂತು ಅನ್ನುವಷ್ಟರಲ್ಲಿ ಒಡೆಯುವುದು, ಒಡೆದಾಗ ನಾನು ಟ್ಯೂಬು ಬದಲಾಯಿಸುವುದು. ಎರಡು ವರ್ಷ. ಆ ಎರಡು ವರ್ಷದಲ್ಲಿ ಎಷ್ಟು ಬಾರಿ ಅವನ ಕಾಲನ್ನು ಸರಿಯಾಗಿ ಬೆಳಕಿಗೆ ಹಿಡಿದು ನೋಡಿದೆ ಎಂದು ಈಗ ನೆನಪಿಸಿಕೊಂಡರೆ, ಒಂದು ಸಲವೂ ನೆನಪಾಗುವುದಿಲ್ಲ.

ಅತ್ತಿಗೆ ನೋಡುತ್ತಿದ್ದಳು. ದಿನಾ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಅವಳು. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಕಾದು ನಿಂತು, “ಅಂಚೆಲ್ಲಾ ರೊಟ್ಟಿ ಅಂಚಿದ್ದಂಗೆ ದಪ್ಪಕ್ಕೆದ್ದದೆ ಕಣಪ್ಪ. ವಾಸ್ನೆ ಬೇರೆ. ಒಂದ್ಸತಿ ಮಂಡ್ಯಕ್ಕೆ ಓಗಿ ತೋರ್ಸಾನ” ಅಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. “ಯಾಕತ್ಗೆ, ನನ್ ಮೇಲೆ ನಂಬ್ಕೆ ಓಯ್ತಾ?” ಅಂದೆ.

“ಅಂಗಲ್ಲ ಕಣಪ್ಪ” ಅಂದಳು. ನಾನು ಕೊಟ್ಟ ಟ್ಯೂಬು ತೆಗೆದುಕೊಂಡು ಹೋದಳು. ಅವಳು ಅವತ್ತು ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನೋಡಿ, ಈಗಲೂ ತಪ್ಪನ್ನು ಅವಳ ಕಡೆಗೇ ತಳ್ಳುತ್ತಿದ್ದೇನೆ.

ಅದಾಗಿ ಐದಾರು ತಿಂಗಳಿಗೆ ಹುಣ್ಣಿನಿಂದ ರಕ್ತ ನಿಲ್ಲದೆ ಹರಿಯಿತು. ತೊಡೆಯ ಸಂದಿಯಲ್ಲಿ ಗಂಟು ಎದ್ದಿತ್ತು. ಈ ಸಲ ಅತ್ತಿಗೆ ನನ್ನನ್ನು ಕೇಳಲಿಲ್ಲ. ಅಣ್ಣನನ್ನು ಬಸ್ಸು ಹತ್ತಿಸಿ, ಮದ್ದೂರಿನಲ್ಲಿ ಇನ್ನೊಂದು ಬಸ್ಸಿಗೆ ಹತ್ತಿಸಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ನನಗೆ ಫೋನು ಮಾಡಿದಳು. ನಾನು ಸಿಟ್ಟಿನಲ್ಲೇ ಬೈಕು ಓಡಿಸಿಕೊಂಡು ಹೋದೆ. ಗೆಜ್ಜಲಗೆರೆ ದಾಟುವವರೆಗೂ ಅತ್ತಿಗೆಗೆ ಏನೇನು ಅನ್ನಬೇಕು ಎಂದೇ ಜೋಡಿಸಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಬಗ್ಗಿ ಕೂತು, ಕೈಗವಸು ಹಾಕಿಕೊಂಡು, ಹುಣ್ಣಿನ ಅಂಚನ್ನು ಸುತ್ತ ಒತ್ತಿ ನೋಡಿದಳು. ಎಷ್ಟು ದಿನದಿಂದ ಎಂದು ಕೇಳಿದಳು. ಎರಡು ವರ್ಷ ಆಯಿತು ಎಂದು ಅತ್ತಿಗೆ ಹೇಳಿದಳು.

“ಎರಡು ವರ್ಷ ಯಾರಿಗೂ ತೋರಿಸಲಿಲ್ವಾ?”

ಅಣ್ಣ ನನ್ನ ಕಡೆ ಕೈ ತೋರಿಸಿದ. “ಮನೇಲೇ ಡಾಕ್ಟ್ರವ್ನೆ ಕಣ್ ತಾಯಿ. ನನ್ ತಮ್ಮ” ಅಂದ. ಹೆಮ್ಮೆಯಿಂದಲೇ ಅಂದ.

ಅವಳು ನನ್ನನ್ನು ನೋಡಿದಳು. “ಮೆಡಿಕಲ್ ಸ್ಟೋರು” ಅಂದೆ. ಅವಳು ಮತ್ತೆ ಹುಣ್ಣಿನ ಕಡೆ ಬಗ್ಗಿದಳು.

ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದದ್ದು ಚರ್ಮದ ಕ್ಯಾನ್ಸರು. ಹಳೆಯ ಸುಟ್ಟ ಕಲೆಯಲ್ಲಿ ಎಷ್ಟೋ ವರ್ಷದ ಮೇಲೆ ಹೀಗೆ ಬರುವುದುಂಟು ಎಂದು ಅವಳು ವಿವರಿಸಿದಳು. ತಿಂಗಳಾದರೂ ಆರದ ಹುಣ್ಣು, ಇದ್ದಕ್ಕಿದ್ದಂತೆ ಬೆಳೆಯುವ ಅಥವಾ ಬಣ್ಣ ಬದಲಾಯಿಸುವ ಮಚ್ಚೆ, ಇವಕ್ಕೆ ಮುಲಾಮು ಹಚ್ಚುತ್ತಾ ಕೂರಬಾರದು, ನೋವಿಲ್ಲ ಎಂದು ಬಿಡಲೂಬಾರದು ಅಂದಳು. ನಾಣ್ಯದಷ್ಟಿದ್ದಾಗ ಬಂದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ತೊಡೆಯ ಚರ್ಮ ತಂದು ಹೊಲಿಯುತ್ತಿದ್ದೆವು, ಈಗ ಮೂಳೆಗೆ ಹೋಗಿದೆ ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಸಂದಿಯ ಗಂಟುಗಳನ್ನೂ ತೆಗೆದರು. ಒಪ್ಪಿಗೆ ಪತ್ರಕ್ಕೆ ಸಾಕ್ಷಿಯಾಗಿ ನಾನೇ ಸಹಿ ಹಾಕಿದೆ. ಆಪರೇಷನ್ ನಡೆಯುವಾಗ ಕ್ಯಾಂಟೀನಿಗೆ ಹೋಗಿ ಉಪ್ಪಿಟ್ಟು ತಿಂದೆ, ಕಾಫಿ ಕುಡಿದೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಅನ್ನಿಸಿತು. ಅದು ಬಿಟ್ಟು ಏನೂ ಅನ್ನಿಸಲಿಲ್ಲ. ಮಾರನೆಯ ದಿನ ಅಂಗಡಿ ತೆಗೆದೆ. ಮುಲಾಮಿನ ಕಪಾಟನ್ನು ಒರೆಸಿ, ಅವಧಿ ಮುಗಿಯುವ ತಾರೀಖು ನೋಡಿ ಟ್ಯೂಬುಗಳನ್ನು ಮತ್ತೆ ಜೋಡಿಸಿದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಈಗಲೂ ಬಂದಿಲ್ಲ. ಮೈಗೆ ಜೋಮು ಹಿಡಿದ ಹಾಗೆ ಇದ್ದೇನೆ.

ಅಣ್ಣ ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಒಂದೇ ಉತ್ತರ ಕೊಟ್ಟ. “ಸುಗರ್ರು ಕಣ್ರಪ್ಪ. ಸುಗರಿಗೆ ಕಾಲ್ ತಗುದ್ರು.” ಅವನಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಆದರೆ ಜೀವಮಾನವೆಲ್ಲ ಬೆಲ್ಲದ ಮನೆಯಲ್ಲಿದ್ದವನು, ಜನ ತಕ್ಷಣ ನಂಬಿದರು. ಅತ್ತಿಗೆ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಅವನು ಯಾಕೆ ಹಾಗೆ ಹೇಳುತ್ತಿದ್ದಾನೆ ಎಂದು ಮೂವರಿಗೂ ಗೊತ್ತಿತ್ತು. ನನ್ನ ಅಂಗಡಿಗೆ ಎಂದಿನಂತೆ ಜನ ಬಂದರು. ಹೀಗೆ ಒಂದು ವರ್ಷದ ಮೇಲಾಯಿತು.

ಹೋದ ತಿಂಗಳು ಒಂದು ಭಾನುವಾರ ಅಣ್ಣನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಅಣ್ಣ, ಅಕ್ಕಪಕ್ಕದ ಮನೆಯ ಇಬ್ಬರು, ಪೂರಿಗಾಲಿಯಿಂದ ಬಂದಿದ್ದ ಅತ್ತಿಗೆಯ ತಮ್ಮ ಕೂತಿದ್ದರು. ಅತ್ತಿಗೆಯ ತಮ್ಮ ಕುಂಟುತ್ತಿದ್ದುದನ್ನು ನೋಡಿ ಅಣ್ಣ ಏನಾಯಿತು ಎಂದು ವಿಚಾರಿಸಿದ.

“ಪಾದದಲ್ಲಿ ಆಣಿ ಬಾವ. ಆರ್ ತಿಂಗ್ಳಾಯ್ತು. ಬ್ಲೇಡಲ್ಲಿ ಕುಯ್ದೆ, ಎಕ್ಕದ ಆಲ್ ಬುಟ್ಟೆ, ಓಯ್ತಾ ಇಲ್ಲ” ಅಂದು ಅವನು ಪಾದ ಎತ್ತಿದ. ಹಿಮ್ಮಡಿಯ ಹತ್ತಿರ ಕರಿಯ ಮಚ್ಚೆ. ಒದ್ದೆ ಕಾಗದದ ಮೇಲೆ ಶಾಯಿ ಚೆಲ್ಲಿದಂತೆ ಅಂಚು ಅಡ್ಡಾದಿಡ್ಡಿ ಹರಡಿತ್ತು.

“ಅದಕ್ಯಾಕ್ ಯೋಚ್ನೆ ಮಾಡ್ತೀಯಾ? ಇಲ್ಲೇ ಅವ್ನಲ್ಲ ನನ್ ತಮ್ಮ, ಒಳ್ಳೆ ಮುಲಾಮ್ ಕೊಡ್ತಾನೆ” ಅಂದ ಅಣ್ಣ.

“ನಂತಾವ ಇದ್ಕೆ ಔಸ್ದಿ ಇಲ್ಲ. ನಾಳೆ ಮಂಡ್ಯಕ್ಕೆ ಓಗಾನ” ಅಂದೆ.

“ಆಣಿಗೆ ಮಂಡ್ಯಕ್ಕಾ?” ಎಂದು ಅತ್ತಿಗೆಯ ತಮ್ಮ ನಕ್ಕ.

“ಅಣ್ಣನ್ ಕಾಲ್ ಓಗಿದ್ದು ಸುಗರಿಂದಲ್ಲ” ಅಂದೆ.

“ಸುಮ್ಕಿರ್ಲಾ” ಅಂದ ಅಣ್ಣ.

“ಚರ್ಮದ ಕ್ಯಾನ್ಸರ್ರು. ಸಣ್ಣಕ್ಕಿದ್ದಾಗ ತೋರ್ಸಿದ್ರೆ ಕಾಲ್ ಉಳೀತಿತ್ತು. ಎರಡ್ ವರ್ಸ ನಾನು ಮುಲಾಮ್ ಕೊಟ್ಕಂಡು ಕೂರ್ಸಿದ್ದೆ. ಅತ್ಗೆ ತೋರ್ಸಾನ ಅಂದಾಗ ನಾನೇ ಬುಡ್ನಿಲ್ಲ.”

ಎಲ್ಲವನ್ನೂ ಬೇರೆ ಯಾರದೋ ಚೀಟಿ ಓದುವವನ ಹಾಗೆ ಹೇಳಿದೆ. ಪಕ್ಕದ ಮನೆಯವರಿಬ್ಬರೂ ನೆಲ ನೋಡುತ್ತಾ ಕೂತರು. ಅತ್ತಿಗೆಯ ತಮ್ಮ ಪಾದ ಕೆಳಗಿಟ್ಟ. ಅಣ್ಣ ಬೀದಿಯ ಕಡೆ ತಿರುಗಿದ.

“ಒಂದ್ ವರ್ಸದಿಂದ ನಿನ್ ಮಾನ ಕಾಯ್ಕಂಡ್ ಕುಂತಿದ್ದೆ ಕಣ್ಲಾ” ಅಂದ. “ಕಾಲ್ ಓದ್ಮೇಲೆ ನಂಗೆ ಉಳ್ದಿದ್ದು ಅದೊಂದೇ ಕೆಲ್ಸ. ಅದ್ನೂ ಕಿತ್ಕಂಡೆ.”

ಮಾರನೆಯ ದಿನ ಅಂಗಡಿ ಮುಚ್ಚಿ ಅತ್ತಿಗೆಯ ತಮ್ಮನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ. ಅದೇ ಡಾಕ್ಟರಮ್ಮ ನೋಡಿದಳು. ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟು ಇನ್ನೂ ಬಂದಿಲ್ಲ. ಬಂತಾ, ಏನಂತೆ ಎಂದು ಅಣ್ಣ ದಿನಾ ಬೆಳಿಗ್ಗೆ ಕೇಳುತ್ತಾನಂತೆ. ನನ್ನನ್ನಲ್ಲ, ಅತ್ತಿಗೆಯನ್ನು.