ಲಕ್ಕವಳ್ಳಿಯಿಂದ ಹೊಳೆಹೊನ್ನೂರಿಗೆ ಒಂದು ಮಡಕೆ ಕೆಂಡ

ಬೆಟ್ಟದ ಬಂಗಲೆಯಲ್ಲಿ ನನ್ನ ಕೊನೆಯ ಬೆಳಗು ಮಂಜಿನಲ್ಲೇ ಕಳೆಯಿತು. ಸರ್ಕಾರದವರು ಶಿಕಾರಿ ನಿಲ್ಲಿಸಿ ಮೃಗಗಳಿಗೆಂದೇ ಬಿಟ್ಟುಕೊಟ್ಟ ಕಾಡು ಅದು, ಜಾಗರ ಕಣಿವೆಯ ಮೇಲುಗಡೆ. ಒಬ್ಬನೇ ಹೋಗಿದ್ದೆ. ಕಾಡುಕೋಣಗಳ ಹಿಂಡನ್ನು ಎರಡು ಸಲ ನೋಡಿದೆ. ಆನೆಯ ಲದ್ದಿ ದಿನವೂ ಕಂಡಿತು, ಆನೆ ಕಾಣಲಿಲ್ಲ. ಹೋಗುವವರಿಗೆ ಒಂದು ಮಾತು ಹೇಳುತ್ತೇನೆ: ಅಕ್ಕಿ, ಬೇಳೆ, ಸೀಮೆಎಣ್ಣೆಯನ್ನು ಕೆಳಗಿನಿಂದಲೇ ಒಯ್ಯಿರಿ. ಅಲ್ಲಿಯ ಅಡಿಗೆಯವನ ಹತ್ತಿರ ಕೊಂಡರೆ ಪೇಟೆಯ ಒಂದೂವರೆ ಪಟ್ಟು ಕೊಡಬೇಕು, ಮೇಲೆ ಅವನ ಮುಖವನ್ನೂ ನೋಡಬೇಕು.

ಇಳಿಯುವುದಕ್ಕೆ ಬಿದಿರು ಲಾರಿ ಸಿಕ್ಕಿತು. ಲಾರಿಯವನು ಮೊದಲು ನನ್ನ ಹಾಸಿಗೆ ಸುರುಳಿಯನ್ನು ಮೇಲಕ್ಕೆಸೆಯಲು ಕೈ ಚಾಚಿದ. ನಾನು ಬಿಡಲಿಲ್ಲ. ಸಾಮಾನು ನೆಲದ ಮೇಲಿರುವಾಗಲೇ ಬಾಡಿಗೆ ಗೊತ್ತು ಮಾಡಿಕೊಳ್ಳಬೇಕು. ಮೇಲೇರಿದ ಮೇಲೆ ಬೆಲೆ ಹೇಳುವವನು ಅವನು. ತಲೆಯ ಮೇಲೆ ಪಾತ್ರೆ ಹೊತ್ತು ಊರೂರು ತಿರುಗಿ, ಆಮೇಲೆ ಶಿವಮೊಗ್ಗದ ಬಜಾರಿನಲ್ಲಿ ಅಂಗಡಿ ಇಟ್ಟ ನನ್ನಂಥವನಿಗೆ ಇಷ್ಟಾದರೂ ತಿಳಿಯದಿದ್ದರೆ ಹೇಗೆ? ಅವನು ಹೇಳಿದ್ದರಲ್ಲಿ ಅರ್ಧಕ್ಕೆ ಮುಗಿಯಿತು. ದಾರಿಯುದ್ದಕ್ಕೂ ಮಂಜು ಬಿದಿರುಮೆಳೆಗಳಿಂದ ತೊಟ್ಟಿಕ್ಕುತ್ತಿತ್ತು. ಲಕ್ಕವಳ್ಳಿಗೆ ಬರುವಷ್ಟರಲ್ಲಿ ಬಿಸಿಲು ಬಂದಿತ್ತು.

ಅಣೆಕಟ್ಟಿನ ಕೆಲಸದಿಂದಾಗಿ ಲಕ್ಕವಳ್ಳಿಯಲ್ಲಿ ಹೋಟೆಲುಗಳಿಗೆ ಕೊರತೆಯಿಲ್ಲ. ಉಪ್ಪಿಟ್ಟು ತಿಂದು, ಕಾಫಿ ಕುಡಿದು ಭದ್ರಾವತಿಯ ಬಸ್ಸಿನ ಹತ್ತಿರ ಹೋದಾಗ ಅಲ್ಲಿ ಜಗಳ ನಡೆದಿತ್ತು. ಅರವತ್ತರ ಹತ್ತಿರದ ಒಬ್ಬ ಹೆಂಗಸು, ಹೆಸರು ನಿಂಗಮ್ಮ, ಬಿದಿರ ಬುಟ್ಟಿಯೊಳಗೆ ಒಂದು ಮಣ್ಣಿನ ಮಡಕೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಮಡಕೆಯ ಬಾಯಿಂದ ಸಣ್ಣಗೆ ಹೊಗೆ ಬರುತ್ತಿತ್ತು.

"ಅಜ್ಜೀ, ಇದು ಪೆಟ್ರೋಲ್ ಗಾಡಿ. ಬೆಂಕಿ ಹಿಡ್ಕೊಂಡು ಹತ್ತೋಕೆ ಇದೇನು ನಿಮ್ಮನೆ ಅಡಿಗೆಕೋಣೇನಾ?" ಎಂದ ಕಂಡಕ್ಟರು.

"ಅಡಿಗೆಕೋಣೆ ಹೋಗಿದ್ದಕ್ಕೇ ಬಸ್ಸಿಗೆ ಬಂದಿರೋದು ಕಣಪ್ಪ."

ವಿಚಾರ ಹೀಗೆ. ಆಕೆಯ ಊರು ಅಣೆಕಟ್ಟಿನ ನೀರು ಏರುವ ಜಾಗದಲ್ಲಿತ್ತು. ಬದಲಿ ಜಮೀನು ಹೊಳೆಹೊನ್ನೂರಿನ ಕಡೆ ನಾಲೆಯ ಬಯಲಲ್ಲಿ ಕೊಟ್ಟಿದ್ದರು. ಮಗ ಸೊಸೆ ಇಬ್ಬರೂ ಗಾಡಿ, ದನ ಹೊಡೆದುಕೊಂಡು ಮೊದಲೇ ಹೋಗಿ ಮನೆ ಕಟ್ಟಿಕೊಂಡಿದ್ದರು. ಹಾಲುಕ್ಕಿಸುವ ದಿನ ಇವತ್ತು. ಹಳೆಯ ಒಲೆಯ ಕೆಂಡವನ್ನು ಹೊಸ ಒಲೆಗೆ ಒಯ್ದು ಹಾಲುಕ್ಕಿಸಬೇಕು ಎಂದು ಈಕೆ ಕೊನೆಯವರೆಗೂ ಊರಲ್ಲೇ ಉಳಿದಿದ್ದಳು.

ಮಾತಿಲ್ಲದೆ ನೋಡುತ್ತ ನಿಲ್ಲುವುದು ನನ್ನಿಂದಾಗದು. ಕಂಡಕ್ಟರಿಗೆ ಹೇಳಿದೆ: "ಯುದ್ಧದ ಕಾಲದಲ್ಲಿ ನಿಮ್ಮ ಬಸ್ಸೇ ಇದ್ದಿಲ ಮೇಲೆ ಓಡ್ತಿತ್ತಲ್ಲ ಮಾರಾಯ್ರೇ. ಬೆನ್ನಿಗೆ ಒಲೆ ಕಟ್ಕೊಂಡು ನಮ್ಮನ್ನೆಲ್ಲ ಕೂರಿಸ್ಕೊಂಡು ಹೋದೋರು, ಈಗ ಬೊಗಸೆ ಕೆಂಡಕ್ಕೆ ಹೆದರ್ತೀರಾ?"

"ಆಗ ಒಲೆ ಹೊರಗಿತ್ತು ಸ್ವಾಮಿ, ಹಿಂದ್ಗಡೆ."

"ಸರಿ, ಅಮ್ಮನೂ ಹಿಂದ್ಗಡೆ ಕೂರ್ಲಿ. ಪೆಟ್ರೋಲ್ ಮುಂದಿದೆ. ಲಗೇಜು ಅಂತ ಮಡಕೆಗೂ ಅರ್ಧ ಟಿಕೇಟು ಹರೀರಿ."

ಕಂಡಕ್ಟರು ಜೇಬಿನಿಂದ ಬೀಡಿ ತೆಗೆದ. "ನಂಗೊಂದು ಬೀಡಿ ಹಚ್ಚೋಕೆ ಬೆಂಕಿನೂ ಸೇರ್ಸಿ. ಪೊಟ್ಣ ಖಾಲಿಯಾಗಿದೆ." ನಾನು ಆಗಲಿ ಎಂದೆ. ಅವನು ಬೀಡಿ ಕಚ್ಚಿಕೊಂಡು ಮಡಕೆಯ ಮೇಲೆ ಬಗ್ಗಿದ. ನಿಂಗಮ್ಮ ಸೆರಗು ಅಡ್ಡ ಹಿಡಿದಳು.

"ಹೊಸ ಒಲೇಲಿ ಹಾಲುಕ್ಕೋ ತನಕ ಇದನ್ನ ಯಾರಿಗೂ ಕೊಡೋ ಹಾಗಿಲ್ಲ. ಬೀಡಿಗಂತೂ ಇಲ್ಲವೇ ಇಲ್ಲ."

"ನಿಮ್ಮ ಪರವಾಗಿ ಒಪ್ಕೊಂಡಿದ್ದೀನಲ್ಲಮ್ಮ," ಎಂದೆ.

"ಒಪ್ಕೊಳ್ಳಿ ಅಂತ ನಾನೇನು ಕೇಳಿದ್ನಾ ಸಾವ್ಕಾರ್ರೇ? ನಿಮ್ಮನೆ ಬೆಂಕಿ ತರಿಸಿ ಕೊಡಿ."

ಬಸ್ಸಿನೊಳಗಿದ್ದವರೆಲ್ಲ ನಕ್ಕರು. ನನ್ನ ಚೀಲದಲ್ಲಿದ್ದ ಬೆಂಕಿಪೊಟ್ಟಣವನ್ನು ಇಡಿಯಾಗಿ ಕಂಡಕ್ಟರ ಕೈಗೆ ಹಾಕಿ ವ್ಯವಹಾರ ಮುಗಿಸಿದೆ. ಬೇರೆಯವರ ಸರಕಿಗೆ ಬೆಲೆ ಮಾತಾಡುವಾಗ ಸರಕಿನವರನ್ನು ಮೊದಲು ಕೇಳಿಕೊಳ್ಳಿ.

ನಾನೂ ಹಿಂದಿನ ಸೀಟಿನಲ್ಲೇ ಕೂತೆ. ಬಸ್ಸು ಕುಲುಕಿದಾಗಲೆಲ್ಲ ಆಕೆ ಮಡಕೆಯನ್ನು ತೊಡೆಯಿಂದ ಎತ್ತಿ ಹಿಡಿಯುತ್ತಿದ್ದಳು. ನಿಂತಾಗಲೆಲ್ಲ ಬೂದಿ ಸರಿಸಿ, ಬೆರಣಿಯ ಚೂರು ಇಟ್ಟು, ಮೆಲ್ಲಗೆ ಊದುತ್ತಿದ್ದಳು. ಮುಂದಿನ ಸೀಟಿನವರು ಕೆಮ್ಮಿದರು, ಯಾರೂ ಬೈಯಲಿಲ್ಲ.

"ಇದು ಯಾವತ್ತೂ ಆರಿಲ್ವಾ?" ಎಂದು ಕೇಳಿದೆ.

"ನಾನು ಮದುವೆಯಾಗಿ ಬಂದಾಗ ಅತ್ತೆ ಒಪ್ಪಿಸಿದ್ದು. ರಾತ್ರಿ ಬೂದಿ ಮುಚ್ಚೋದು, ಬೆಳಗ್ಗೆ ಕೆದಕೋದು. ಒಂದ್ಸಲ ಆರಿತ್ತು. ಭಾವನೋರ ಮನೆಯಿಂದ ತಂದ್ವಿ. ಅವರ ಒಲೆಗೆ ಹೋಗಿದ್ದೂ ನಮ್ಮನೇದೇ."

"ಹಾಗಾದ್ರೆ ಈಗ ಆರಿದ್ರೂ..."

"ಈಗ ಎಲ್ಲಿ ಕೇಳಲಿ? ಭಾವನೋರು ಬೇರೆ ಕಡೆ ಹೋದ್ರು. ಊರಲ್ಲಿ ಒಂದೊಲೆ ಇಲ್ಲ. ಇದೊಂದೇ ಉಳಿದಿರೋದು."

ಭದ್ರಾವತಿ ಬಂದಾಗ ಮಧ್ಯಾಹ್ನ ಸರಿದಿತ್ತು. ಕಾರ್ಖಾನೆಯ ಚಿಮಣಿಗಳ ಹೊಗೆ ಊರಿನ ಮೇಲೆ ಹಾಸಿತ್ತು, ರಸ್ತೆಯ ತುಂಬ ಪಾಳಿ ಬಿಟ್ಟವರ ಸೈಕಲ್ಲುಗಳು. ಹೊಳೆಹೊನ್ನೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ನಿಂಗಮ್ಮ ಗಂಟು ಬಿಚ್ಚಿದಳು. ಉಳಿದಿದ್ದ ಬೆರಣಿಗಳು ಬೆಳಗಿನ ಇಬ್ಬನಿಗೆ ನೆನೆದು ಮೆತ್ತಗಾಗಿದ್ದವು. ಮಡಕೆಯಲ್ಲಿ ಕೆಂಪು ಕಾಣಬೇಕಾದರೆ ಬಗ್ಗಿ ಹುಡುಕಬೇಕಾಗಿತ್ತು.

ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಮುರುಗೇಶ ಸೇಲಂ ಕಡೆಯವನು. ವಿಷಯ ಕೇಳಿ, ತನ್ನ ಒಲೆಯಿಂದ ಇಕ್ಕಳದಲ್ಲಿ ಒಂದು ದೊಡ್ಡ ಕೆಂಡ ಎತ್ತಿ ಹಿಡಿದ. "ಎಡ್ತುಕೋ ಅಮ್ಮ. ಈ ಊರಲ್ಲಿ ಬೆಂಕಿಗೆ ಏನು ಬರ ಇದೆ?"

"ಬೇಡಪ್ಪ. ಅದು ನಿನ್ನ ಬೆಂಕಿ."

"ಬೆಂಕೀಲಿ ನಿಂದು ನಂದು ಉಂಟಾ?"

"ಇಲ್ಲದಿದ್ರೆ ಲಕ್ಕವಳ್ಳಿಯಿಂದ ಯಾಕೆ ಹೊತ್ಕೊಂಡು ಬರ್ಲಿ?"

ಮುರುಗೇಶ ಕೆಂಡವನ್ನು ವಾಪಸು ಹಾಕಿ ನನ್ನ ಮುಖ ನೋಡಿದ. ಆಕೆಗೆ ಬೇಕಾದದ್ದು ಬೆಂಕಿಯಲ್ಲ, ಹೊತ್ತಿಸದ ಇದ್ದಿಲು ಎಂದೆ. ಮೂಟೆ ಬಿಚ್ಚುವುದಿಲ್ಲ, ಬೇಕಾದರೆ ಮೂಟೆಯನ್ನೇ ಕೊಳ್ಳಿ ಎಂದ. ಇಬ್ಬರೂ ಟೀ ಕುಡಿಯುತ್ತೇವೆ, ಜೊತೆಗೆ ಬನ್ನೂ ತಿನ್ನುತ್ತೇವೆ, ಎರಡು ಬೊಗಸೆ ಇದ್ದಿಲು ಕೊಡು ಎಂದೆ. ಬನ್ನು ನಿನ್ನೆಯದು ಎನ್ನುವುದು ಅವನಿಗೂ ನನಗೂ ಗೊತ್ತಿತ್ತು. ಅವನು ಒಪ್ಪಿದ. ನಿಂಗಮ್ಮ ಟೀ ಆರುವವರೆಗೂ ಕೂತು ಮಡಕೆಯೊಳಗೆ ಊದಿದಳು. ಕಡೆಗೆ ಒಂದು ಇದ್ದಿಲ ಅಂಚು ಹೊತ್ತಿಕೊಂಡಿತು. ಆಮೇಲೆ ಬನ್ನು ಮುರಿದಳು.

ಶಿವಮೊಗ್ಗಕ್ಕೆ ನೇರ ಬಸ್ಸು ಎದುರಿಗೇ ನಿಂತಿತ್ತು. ಕತ್ತಲಾಗುವ ಮುಂಚೆ ಮನೆ ಸೇರಬಹುದಾಗಿತ್ತು. ಆದರೆ ಒಂದು ವಸ್ತುವಿಗಾಗಿ ಅಷ್ಟು ಹೊತ್ತು ಬಾಯಿ ನೋಯಿಸಿಕೊಂಡ ಮೇಲೆ ಅದು ಮುಟ್ಟಿತೋ ಇಲ್ಲವೋ ನೋಡದೆ ಹೋಗುವುದು ನನ್ನ ವ್ಯಾಪಾರದಲ್ಲಿಲ್ಲ. ಹೊಳೆಹೊನ್ನೂರಿನ ಮೇಲೆ ಹೋದರೂ ಶಿವಮೊಗ್ಗ ಸಿಗುತ್ತದೆ, ಸುತ್ತು ಅಷ್ಟೆ. ಬಸ್ಸು ತಡವಾಗಿ ಬಂತು. ಅದರ ಕಂಡಕ್ಟರಿಗೂ ಯುದ್ಧಕಾಲದ ಇದ್ದಿಲು ಬಸ್ಸಿನ ಕತೆ ಹೇಳಿದೆ. ಅವನು ಪೂರ್ತಿ ಕೇಳದೆ ಹತ್ತಿಸಿಕೊಂಡ.

ಹೊಳೆಹೊನ್ನೂರಿಗೆ ಸ್ವಲ್ಪ ಮೊದಲೇ ನಾಲೆಯ ಏರಿಯ ಹತ್ತಿರ ಇಳಿದೆವು. ಬಯಲಿನಲ್ಲಿ ಹೊಸ ಹುಲ್ಲುಮನೆಗಳು ಸಾಲಾಗಿದ್ದವು. ಮರ ಒಂದೂ ಇರಲಿಲ್ಲ. ನಿಂಗಮ್ಮನ ಮಗ ಹನುಮಂತ ಎದುರು ಬಂದ. ಅವನ ಹಿಂದೆ, ಮನೆಯ ಹುಲ್ಲಿನ ಮೇಲೆ, ಆಗಲೇ ಹೊಗೆ ಎದ್ದಿತ್ತು.

"ಹೊತ್ತು ಮೀರುತ್ತೆ ಅಂತ ಹಾಲುಕ್ಕಿಸಿಬಿಟ್ವಿ ಕಣಮ್ಮ. ಬಸ್ಸು ಸಿಕ್ಲಿಲ್ಲವೇನೋ, ನಾಳೆ ಬರ್ತೀಯೇನೋ ಅಂದ್ಕೊಂಡೆ."

"ಯಾವ ಬೆಂಕೀಲಿ?"

"ಕಡ್ಡಿ ಗೀರಿ."

ನಿಂಗಮ್ಮ ಅಂಗಳದಲ್ಲೇ ನಿಂತಳು. ಹನುಮಂತನ ಹೆಂಡತಿ ರುದ್ರಮ್ಮ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಳು.

"ನೀರು ಹಾಕಿ ಆರಿಸಿಬಿಡ್ಲಾ?" ಎಂದ ಹನುಮಂತ.

"ಹಾಲುಕ್ಕಿದ ಒಲೆಗೆ ನೀರು ಹಾಕ್ತಾರೇನೋ? ನಿನಗೆ ಬುದ್ಧಿ ಎಲ್ಲಿದೆ?" ಆಕೆ ಅಂಗಳದ ಕಲ್ಲಿನ ಮೇಲೆ ಮಡಕೆ ಇಟ್ಟುಕೊಂಡು ಕೂತಳು. "ಅದು ತಾನಾಗಿ ಆರಲಿ. ಆಮೇಲೆ ಒಳಗೆ ಬರ್ತೀನಿ."

ಮಡಕೆಯಲ್ಲಿದ್ದ ಇದ್ದಿಲು ಅಷ್ಟು ಹೊತ್ತು ಬಾಳುವಂತಿರಲಿಲ್ಲ. ನಾನು ಬಾಯಿ ಹಾಕಿದೆ. ಎರಡೂ ಬೆಂಕಿ ಸೇರಿಸಿಬಿಡಿ, ಮುಕ್ಕಾಲು ಪಾಲು ಅಮ್ಮಂದೇ ಇರಲಿ ಎಂದೆ.

ರುದ್ರಮ್ಮ ಒಳಗೆ ಹೋದಳು. ಬರುವಾಗ ಎರಡೂ ಕೈಯಲ್ಲಿ ಉರಿಯುವ ಕೊಳ್ಳಿಗಳಿದ್ದವು. ನಮ್ಮನ್ನು ದಾಟಿ ಮನೆಯ ಹಿಂದಿನ ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಅವನ್ನು ತುರುಕಿದಳು. ಮತ್ತೆ ಒಳಗೆ ಹೋಗಿ, ಕೆಂಡವನ್ನೆಲ್ಲ ಮೊರದಂಥ ತಗಡಿನಲ್ಲಿ ತುಂಬಿ ತಂದು ಅಲ್ಲಿಗೇ ಸುರಿದಳು. ಆಮೇಲೆ ಪೊರಕೆಯ ಸದ್ದು ಕೇಳಿತು.

"ಅತ್ತೆ, ನನ್ನ ಬೆಂಕೀಲಿ ನಿಮಗೆ ಸ್ನಾನಕ್ಕೆ ನೀರು ಕಾಯ್ಲಿ. ಒಲೆ ಖಾಲಿಯಾಗಿದೆ, ಬನ್ನಿ."

"ಹಾಲು?"

"ಅರ್ಧ ತಂಬಿಗೆ ಇದೆ."

"ಕಾಸಿದ್ದಾ?"

"ಹಸೀದು. ನೀವು ಬಂದೇ ಬರ್ತೀರಿ ಅಂತ ಎತ್ತಿಟ್ಟಿದ್ದೆ."

ನಿಂಗಮ್ಮ ಎದ್ದಳು. ಮಡಕೆಯನ್ನು ತಾನೇ ಒಯ್ಯಲಿಲ್ಲ, ರುದ್ರಮ್ಮನ ಕೈಗೆ ಕೊಟ್ಟು, "ಮೆಲ್ಲಗೆ, ತಳ ಸುಡುತ್ತೆ," ಎಂದಳು. ಇಬ್ಬರೂ ಒಳಗೆ ಹೋದರು. ಊದುವ ಸದ್ದು ಮೊದಲು ಒಬ್ಬರದು, ಆಮೇಲೆ ಇಬ್ಬರದೂ ಬಂತು. ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಅಂಗಳಕ್ಕೆ ಬಂದಾಗ ಹನುಮಂತ ನನಗೆ ಕೂರಲು ಚಾಪೆ ತಂದ.

ಬೆಲ್ಲ ಹಾಕಿದ ಹಾಲು ಕುಡಿದು, ನಾಲೆಯ ಏರಿ ಹತ್ತಿ ಶಿವಮೊಗ್ಗದ ಬಸ್ಸಿಗೆ ಕೈ ತೋರಿಸಿದೆ. ಬಸ್ಸು ತಿರುಗುವ ಮುಂಚೆ ಕಿಟಕಿಯಿಂದ ಒಂದು ಸಲ ನೋಡಿದೆ. ಮನೆಯ ಮುಂದಿನಿಂದ ಒಂದು ಹೊಗೆ, ಹಿಂದಿನಿಂದ ಒಂದು ಹೊಗೆ ಏಳುತ್ತಿದ್ದವು. ಗಾಳಿ ಇರಲಿಲ್ಲ. ಸ್ವಲ್ಪ ಮೇಲೆ ಹೋಗಿ ಎರಡೂ ಒಂದಾಗಿದ್ದವು.