ಲಾಂಗ್ ಬಿನ್ನಿನ ಇಂಗ್ಲೀಷು

ಮೊನ್ನೆ ನೂಲಿನ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದೆ. ಬಿಸಿ ಇಸ್ತ್ರಿಪೆಟ್ಟಿಗೆ ಗಂಜಿಯ ಮೇಲೆ ಕೂತಾಗ ಒಂದು ವಾಸನೆ ಏಳುತ್ತದಲ್ಲ, ಅನ್ನ ತುಸು ಸೀದ ಹಾಗೆ... ಅದು ಮೂಗಿಗೆ ಬಡಿದದ್ದೇ ಪಕ್ಕದ ಮನೆಯಾಕೆ ನೆನಪಾದಳು. ನಾನು ನೆನಪು ಗಿನಪು ಅಂತ ಕೂರುವವಳಲ್ಲ. ಆದರೂ ಇಸ್ತ್ರಿ ಆರಿಸಿ ಕೂತೆ.

ಅಮೆರಿಕದ ಸ್ಯಾನ್ ಹೊಸೆಯಲ್ಲಿ ನನ್ನ ಮಗಳ ಮನೆಗೂ ಆಕೆಯ ಮಗನ ಮನೆಗೂ ನಡುವೆ ಒಂದು ಮರದ ಬೇಲಿ, ಅಷ್ಟೇ. ಆಕೆ ವಿಯೆಟ್ನಾಮಿನವಳು, ನನ್ನ ವಾರಿಗೆಯವಳು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಕಾರು ಹತ್ತಿ ಹೋದರೆ ಎರಡು ಮನೆಗೆ ಇಬ್ಬರೇ ಮುದುಕಿಯರು. ಅಮಾವಾಸ್ಯೆ, ಹುಣ್ಣಿಮೆಗೆ ಆಕೆ ಮಾಂಸ, ಮೀನು ಮುಟ್ಟುತ್ತಿರಲಿಲ್ಲ. ಆ ಎರಡು ದಿನ ಬೇಲಿಯ ಆಚೆಯಿಂದ ನನಗೆ ಊಟಕ್ಕೆ ಕರೆ ಬರುತ್ತಿತ್ತು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಇಂಗ್ಲೀಷಿನ ಗಾಳಿ ಇರಲಿಲ್ಲ. ಬಂದಷ್ಟೂ ಆಕೆ ಕಲಿಸಿದ್ದು. ಚೆನ್ನಾಗಿದ್ದರೆ ‘ನಂಬರ್ ಒನ್’. ಕೆಟ್ಟಿದ್ದರೆ ‘ನಂಬರ್ ಟೆನ್’. ಸ್ವಲ್ಪ ಅನ್ನುವುದಕ್ಕೆ ‘ಟೀಟೀ’. ನಿನ್ನ ಹಾಗೆಯೇ ನನಗೂ ಅನ್ನುವುದಕ್ಕೆ ‘ಸೇಮ್ ಸೇಮ್’. ಇಬ್ಬರು ಮುದುಕಿಯರಿಗೆ ಇದಕ್ಕಿಂತ ಹೆಚ್ಚು ಮಾತು ಯಾಕೆ ಬೇಕು? ನನ್ನ ಮೊಣಕಾಲು ನಂಬರ್ ಟೆನ್, ಆಕೆಯದೂ ಸೇಮ್ ಸೇಮ್.

“ಯವ್ವಾ, ಅದ್ಯಾವ ಊರಿನ ಇಂಗ್ಲೀಷ?” ಅಂತ ಮಗಳು ನಗುತ್ತಿದ್ದಳು.

“ನಿನ್ನ ಇಂಗ್ಲೀಷಕಿಂತ ಲಗೂ ತಿಳೀತದ, ಸುಮ್ಮನಿರು” ಅನ್ನುತ್ತಿದ್ದೆ.

ಒಂದು ಮಾತ್ರ ವಿಚಿತ್ರ. ಮಗ ಮನೆಯಲ್ಲಿದ್ದರೆ ಆಕೆ ಇಂಗ್ಲೀಷಿನ ಒಂದು ಶಬ್ದವನ್ನೂ ಆಡುತ್ತಿರಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿತೆ ಅಂತ ಒಂದು ದಿನ ಸನ್ನೆ ಮಾಡಿ ಕೇಳಿದೆ. ಮನೆ ಖಾಲಿಯಿದ್ದರೂ ಆಕೆ ಒಮ್ಮೆ ಹಿಂದೆ ತಿರುಗಿ ನೋಡಿದಳು. “ಲಾಂಗ್ ಬಿನ್” ಅಂದಳು. ಆ ದಿನ ಸನ್ನೆಯಲ್ಲಿ ನನಗೆ ತಿಳಿದದ್ದು ಟೀಟೀ, ಉಳಿದದ್ದು ಆಮೇಲೆ ತಿಳಿದದ್ದು.

ಯುದ್ಧದ ಕಾಲಕ್ಕೆ ಅಮೆರಿಕದವರು ಆಕೆಯ ದೇಶದಲ್ಲಿ ಕಟ್ಟಿಕೊಂಡಿದ್ದ ದೊಡ್ಡ ನೆಲೆ ಅದು. ದಂಡಿಗೆ ಬೇಕಾದ ಸಾಮಾನು ಇಡುವ ಜಾಗ. ಸಾಮಾನು ಅಂದರೆ ಬರೀ ಮದ್ದುಗುಂಡು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಟೈರು, ಕಂಬಳಿ, ಡಬ್ಬಿಯ ಹಣ್ಣು, ಐಸ್‌ಕ್ರೀಮು, ಕುಂಡಿ ಒರೆಸುವ ಕಾಗದ... ಹಡಗಿನಲ್ಲಿ ಬಂದದ್ದೆಲ್ಲ ಲಾರಿ ಹತ್ತಿ ಅಲ್ಲಿಗೆ ಬಂದು, ಅಲ್ಲಿಂದ ಸಿಪಾಯಿಗಳಿದ್ದ ಕಡೆಗೆ ಹೋಗುತ್ತಿತ್ತಂತೆ. ನಡೆದಷ್ಟೂ ತಗಡಿನ ಶೆಡ್ಡುಗಳ ಸಾಲು. ಒಳಗೆ ಈಜುಕೊಳ ಬೇರೆ. ಹದಿನೇಳರ ಹುಡುಗಿ ಈಕೆ ಬೆಳಿಗ್ಗೆ ಗೇಟಿನಲ್ಲಿ ಪಾಸು ತೋರಿಸಿ ಒಳಗೆ ಹೋಗಿ, ಸಿಪಾಯಿಗಳ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಸಂಜೆ ಹೊರಗೆ ಬರುತ್ತಿದ್ದಳು. ಕೆಂಪು ಮಣ್ಣಿನ ಸೀಮೆ. ಬೆಳಿಗ್ಗೆ ಬೆಳ್ಳಗೆ ಒಣಹಾಕಿದ್ದು ಮಧ್ಯಾಹ್ನಕ್ಕೆ ಮತ್ತೆ ಕೆಂಪು. “ಡಸ್ಟ್ ನಂಬರ್ ಟೆನ್” ಅಂತ ಮುದುಕಿಯಾದ ಮೇಲೂ ಮೂಗು ಮುರಿಯುತ್ತಿದ್ದಳು.

ಅಮೆರಿಕದವರು ಗಂಟು ಕಟ್ಟಿಕೊಂಡು ಹೋದರು. ಯುದ್ಧ ಮುಗಿದು ಅವರ ವಿರುದ್ಧ ಕಾದಿದವರ ಸರಕಾರ ಬಂತು. ನೆಲೆಯಲ್ಲಿ ದುಡಿದವರೆಂದರೆ ಎಲ್ಲರಿಗೂ ಸಂಶಯ. ಹೆಣ್ಣುಮಕ್ಕಳಿಗಂತೂ ಕೆಟ್ಟ ಹೆಸರು. ಆಕೆ ಪಾಸನ್ನು ಒಲೆಗೆ ಹಾಕಿದಳು. ಗಂಡನ ಮನೆಯವರಿಗೆ ಹೊಲಿಗೆ ಕೆಲಸ ಮಾಡುತ್ತಿದ್ದೆ ಅಂದಳು, ಹುಟ್ಟಿದ ಮಗನಿಗೂ ಅದನ್ನೇ ಹೇಳಿ ಬೆಳೆಸಿದಳು. ಈಗ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು. ಮಗನಿಗೆ ಗೊತ್ತಾಗಬಾರದು. ನಾನು ಯಾವ ಭಾಷೆಯಲ್ಲಿ ಹೇಳಲಿ! ಆಯಿತು ಅಂತ ತಲೆಯಾಡಿಸಿದೆ.

ಆಮೇಲೊಂದು ಹುಣ್ಣಿಮೆ ಭಾನುವಾರ ಬಿತ್ತು. ಮಗ ಮನೆಯಲ್ಲಿದ್ದ. ಅವನೇ ನನಗೆ ಸೂಪು ಬಡಿಸಿದ. ಬಡಿಸಿದವನಿಗೆ ಒಂದು ಒಳ್ಳೆಯ ಮಾತು ಹೇಳಬೇಕಲ್ಲ?

“ಸೂಪ್ ನಂಬರ್ ಒನ್. ಸಾಲ್ಟ್ ಟೀಟೀ” ಅಂದೆ.

ಅವನು ಸೌಟು ಕೆಳಗಿಟ್ಟ. “ಆಂಟೀ, ಈ ಇಂಗ್ಲೀಷ್ ಯಾರು ಕಲಿಸಿದ್ದು?” ಅಂತ ನನಗೆ ತಿಳಿಯುವ ಹಾಗೆ ನಿಧಾನವಾಗಿ ಕೇಳಿದ.

“ಯುವರ್ ಮದರ್!” ಅಂದೆ, ದೊಡ್ಡ ಜಂಬದಿಂದ.

ಆಕೆಯ ಮುಖದ ರಕ್ತ ಇಳಿದುಹೋಯಿತು. ಅದು ಅಮೆರಿಕದ ಸಿಪಾಯಿಗಳ ನಡುವೆ ಕೆಲಸ ಮಾಡಿದವರ ಬಾಯಲ್ಲಿ ಮಾತ್ರ ಇರುವ ಮಾತು ಅಂತ ಅವನಿಗೆ ಗೊತ್ತಿತ್ತು. ಸೈನ್ಯದಲ್ಲಿದ್ದ ತಮ್ಮ ಕಡೆಯ ಮುದುಕರು ಹಾಗೆ ಆಡುವುದನ್ನು ಕೇಳಿದ್ದನಂತೆ. ನನಗೇನು ಗೊತ್ತು? ನಾನು ಅದನ್ನೇ ಇಂಗ್ಲೀಷು ಅಂದುಕೊಂಡಿದ್ದೆ.

ಅವನು ತಮ್ಮ ಭಾಷೆಯಲ್ಲಿ ತಾಯಿಗೆ ಏನೋ ಕೇಳಿದ. ಆಕೆ ಮಾತಾಡುತ್ತಾ ಮೇಜಿನ ಮೇಲೆ ಇಲ್ಲದ ಅಂಗಿಯೊಂದನ್ನು ಹಾಸಿದಳು. ಕಾಲರು ತೀಡಿದಳು, ತೋಳು ತೀಡಿದಳು, ಮಗುಚಿ ಹಾಕಿ ಬೆನ್ನಿನ ಮೇಲೆ ಆ ಸಿಪಾಯಿಗಳ ಅಂಗಿಗೆ ಇರುತ್ತಿದ್ದ ಹಾಗೆ ಬೆರಳಿನಿಂದ ಇಸ್ತ್ರಿಯ ಮೂರು ಉದ್ದ ಗೆರೆ ಎಳೆದಳು. ಮಗ ದಡಕ್ಕನೆ ಎದ್ದು ನಿಂತ. ಅವನು ಕೂಗಾಡಿದರೆ ನಾನೂ ಕನ್ನಡದಲ್ಲೇ ನಾಲ್ಕು ಬೈಯಬೇಕು ಅಂತ ತಯಾರಾಗಿ ಕೂತೆ.

ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ತನ್ನ ಬೆನ್ನು ಮುಟ್ಟಿಕೊಂಡು, ಸನ್ನೆ ಮಾಡುತ್ತಾ ನಿಧಾನವಾಗಿ ಹೇಳಿದ: “ಸ್ಕೂಲಿಗೆ ಹೋಗುವಾಗ ನನ್ನ ಅಂಗಿಗೆ ಯಾವಾಗಲೂ ಮೂರು ಗೆರೆ, ಆಂಟೀ. ಬೇರೆ ಯಾರಿಗೂ ಇರಲಿಲ್ಲ. ಹುಡುಗರು ನಗುತ್ತಾರೆ ಅಂತ ದಿನಾ ಗೋಡೆಗೆ ಬೆನ್ನು ಉಜ್ಜಿ ಅಳಿಸುತ್ತಿದ್ದೆ.”

ಆಮೇಲೆ ತಾಯಿಯ ಪಕ್ಕ ಕೂತು ಆಕೆಯ ಕೈಗಳನ್ನು ಹಿಡಿದುಕೊಂಡ. ಏನು ಮಾತಾಡಿಕೊಂಡರೋ... ನಾನು ಸೂಪು ಕುಡಿದೆ. ಆರುತ್ತಿತ್ತು.

ಆಕೆ ಆಮೇಲೆ ಎರಡು ಚಳಿಗಾಲ ಬದುಕಿದಳು. ಮಗನ ಎದುರಿಗೇ ಗಟ್ಟಿ ದನಿಯಲ್ಲಿ ನನ್ನ ಜೊತೆ ಇಂಗ್ಲೀಷು ಆಡುತ್ತಿದ್ದಳು. ಹೋದ ವರ್ಷ ತೀರಿಕೊಂಡಳು.

ಈ ಬೇಸಿಗೆಯಲ್ಲಿ ಆಕೆಯ ಮಗ ಲಾಂಗ್ ಬಿನ್ನಿಗೆ ಹೋಗಿ ಆ ಜಾಗ ನೋಡಿಕೊಂಡು ಬಂದ. ಈಗ ಅಲ್ಲೆಲ್ಲ ಕಾರ್ಖಾನೆಗಳಂತೆ. ಶೆಡ್ಡುಗಳ ಗುರುತೂ ಇಲ್ಲ, ತೋರಿಸುವವರೂ ಇಲ್ಲ. ನಿನ್ನೆ ಬೇಲಿಯ ಹತ್ತಿರ ಬಂದು ಫೋನಿನಲ್ಲಿ ಒಂದು ರಸ್ತೆಯ ಚಿತ್ರ ಹಿಡಿದು, “ಅಮ್ಮ ಇಸ್ತ್ರಿ ಮಾಡುತ್ತಿದ್ದ ಶೆಡ್ಡು ಗೇಟಿಗೆ ಹತ್ತಿರ ಇತ್ತಾ, ದೂರ ಇತ್ತಾ? ನಿಮಗೆ ಹೇಳಿದ್ದಳಾ, ಆಂಟೀ?” ಅಂತ ಕೇಳಿದ.

ಮೊಣಕಾಲಿನ ಮಾತಿಗೆ ನಮಗೆ ಪುರಸೊತ್ತಿತ್ತು. ಇದನ್ನು ನಾನು ಕೇಳಿರಲಿಲ್ಲ.

“ಐ ಡೋಂಟ್ ನೋ” ಅಂದೆ. ಆಕೆ ಹೋದ ಮೇಲೆ ಮಗಳು ಕಲಿಸಿದ ಇಂಗ್ಲೀಷು ಅದು.