ಕಾಳಪ್ಪ ಎತ್ತರಿಸಿದ ಜೀಪು

ನಮ್ಮ ಯಜಮಾನರು ತೀರಿಹೋದ ಮೇಲೆ ಮನೆ ಮುಂದಿನ ಗಾಡಿ ರಿಪೇರಿ ಶೆಡ್ಡನ್ನು ಅವರ ಕೈಕೆಳಗೆ ಕೆಲಸ ಕಲಿತ ಕಾಳಪ್ಪನೇ ನಡೆಸಿಕೊಂಡು ಬಂದಿದ್ದಾನೆ. ಚಾಮರಾಜಪೇಟೆಯಲ್ಲಿ ಜೀಪು ಎತ್ತರಿಸಬೇಕು ಅನ್ನುವವರು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಹಳೇ ಸ್ಪ್ರಿಂಗ್ ಬಿಚ್ಚಿ ಗಟ್ಟಿ ಸ್ಪ್ರಿಂಗ್ ಕೂರಿಸಿ, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಕಾಡು ದಾರಿಯಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುವುದಿಲ್ಲ. ನನಗೆ ಓದುಬರಹ ಅಷ್ಟಕ್ಕಷ್ಟೆ; ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ನೋಡಿ ನೋಡಿ ತಿಳಿದದ್ದು.

ಕಾಳಪ್ಪನದೊಂದು ಪದ್ಧತಿ, ನಮ್ಮ ಯಜಮಾನರಿಂದ ಕಲಿತದ್ದು. ಹೊಸ ಸಾಮಾನು ಕೂರಿಸುವಾಗ ಮೊದಲ ಬೋಲ್ಟಿಗೆ ಕುಂಕುಮ ಇಟ್ಟು, ಸ್ಪ್ಯಾನರನ್ನು ಗಾಡಿಯವರ ಕೈಗೇ ಕೊಡುತ್ತಾನೆ. "ನಿಮ್ ಗಾಡಿ, ನಿಮ್ ಕೈಯಿಂದ್ಲೇ ಶುರುವಾಗ್ಲಿ."

ಬಸವನಗುಡಿಯ ಸ್ವರೂಪ್ ಗಿರಾಕಿಯಾಗಿ ಬಂದವನು ಮನೆಯವನೇ ಆಗಿಬಿಟ್ಟ. ಕಾಳಪ್ಪನ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಿನವೆಲ್ಲ ಕೂತಿದ್ದು, ವಾಪಸ್ ತಂದುಬಿಟ್ಟವನೂ ಅವನೇ. ನನ್ನ ಕೈಯ ಉಪ್ಸಾರು ಮುದ್ದೆ ಉಂಡು, "ಅಜ್ಜೀ, ನಿಮ್ಗೊಂದು ಮೆಸ್ ಹಾಕ್ಸಿಕೊಡ್ತೀನಿ" ಎಂದು ರೇಗಿಸುತ್ತಿದ್ದ.

ಜೀಪು ಎತ್ತರಿಸಿಕೊಂಡ ಮೇಲೆ, ಮುಂದಕ್ಕೆ ದಪ್ಪ ಕಬ್ಬಿಣದ ಬಂಪರ್ ಬೇಕೆಂದು ಹಠ ಹಿಡಿದ. ಕಾಳಪ್ಪ ಒಪ್ಪಲಿಲ್ಲ.

"ಬೇಡ ಕಣೋ. ಅದನ್ನ ಹಾಕೋ ಹಾಗಿಲ್ಲ ಈಗ, ಕಾನೂನಿದೆ. ಯಾರಿಗಾದ್ರೂ ತಗುಲಿದ್ರೆ ಮೂಳೆ ಪುಡಿಯಾಗುತ್ತೆ."

"ಕಾಡು ದಾರಿಗಷ್ಟೇ ಕಾಳಣ್ಣ. ಊರೊಳಗೆ ಬಿಚ್ಚಿಡ್ತೀನಿ. ಏನೇ ಆದ್ರೂ ನನ್ ತಲೆ ಮೇಲೆ."

"ನಿನ್ ತಲೆ ಮೇಲೆ ಕೂದ್ಲೇ ನಿಲ್ತಿಲ್ಲ, ಇದೆಲ್ಲಿ ನಿಲ್ಲುತ್ತೋ!"

ಹಾಗೆ ನಕ್ಕುಬಿಟ್ಟ ಮೇಲೆ ಕಾಳಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಕುಂಕುಮ ಇಟ್ಟ ಬೋಲ್ಟನ್ನು ಸ್ವರೂಪನೇ ಬಿಗಿದ.

ಊರೊಳಗೆ ಅದನ್ನು ಬಿಚ್ಚಿಡಲಿಲ್ಲ ಅವನು. ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಹೂವಿನ ಮೂಟೆ ಹೊತ್ತಿದ್ದ ಹೆಂಗಸೊಬ್ಬಳಿಗೆ ಜೀಪು ತಗುಲಿ ಅವಳ ಮೊಣಕಾಲು ಒಡೆಯಿತು. ಬಂಪರ್ ಹಾಕಿದ್ದು ಯಾರೆಂದು ಪೊಲೀಸರು ಕೇಳಿದರಂತೆ. ಮಾರನೆಯ ಬೆಳಿಗ್ಗೆ ಸ್ವರೂಪ್ ಅವರನ್ನು ಕರೆದುಕೊಂಡು ಶೆಡ್ಡಿಗೇ ಬಂದ.

"ಸರ್ವೀಸಿಗೆ ಬಿಟ್ಟಿದ್ದೆ ಸಾರ್. ಇವ್ರೇ ಹಾಕಿದ್ದು. ಹಾಕ್ಬಾರ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನಾನು ಜಗಲಿ ಇಳಿದು ಬಂದೆ.

"ಸುಳ್ಳು ಸ್ವಾಮಿ! ಅವ್ನು ಬೇಡ ಅಂದ, ಇವ್ನೇ ಕಾಡಿ ಹಾಕಿಸ್ಕೊಂಡ. ಮೊದಲ್ನೇ ಬೋಲ್ಟು ಬಿಗಿದದ್ದೂ ಇವ್ನೇ. ಕಣ್ಣಾರೆ ಕಂಡಿದ್ದೀನಿ."

ಸ್ವರೂಪ್ ನನ್ನ ಕಡೆ ತಿರುಗಲಿಲ್ಲ. "ಅಜ್ಜಿಗೆ ವಯಸ್ಸಾಗಿದೆ ಸಾರ್. ಮರೆವು ಜಾಸ್ತಿ."

ನನ್ನ ಮದುವೆಯ ಪಾಯಸದಲ್ಲಿ ಗೋಡಂಬಿ ಇರಲಿಲ್ಲ ಅನ್ನುವುದೂ ನನಗೆ ನೆನಪಿದೆ. ಆದರೆ ಪೊಲೀಸರು ಆಗಲೇ ಕಾಳಪ್ಪನ ಕಡೆ ತಿರುಗಿದ್ದರು.

"ಏನಪ್ಪಾ, ನೀನೇ ಹಾಕಿದ್ದಾ?"

"ಹೌದು ಸಾರ್. ಅವ್ರು ಕೇಳಿದ್ರು, ನಾನು ಹಾಕ್ದೆ. ಹಾಕ್ಬಾರ್ದಾಗಿತ್ತು."

ಸಂಜೆ ಸ್ಟೇಷನ್ನಿಗೆ ಬರಬೇಕು, ಶೆಡ್ ಮುಚ್ಚಿಸಬೇಕಾದೀತು ಎಂದು ಹೇಳಿ ಪೊಲೀಸರು ಹೊರಟರು. ಸ್ವರೂಪ್ ಹಿಂದೆ ಉಳಿದ.

"ಬೇಜಾರ್ ಮಾಡ್ಕೋಬೇಡಿ ಕಾಳಣ್ಣ. ಮನೇಲಿ ಹಾಗೆ ಹೇಳು ಅಂದ್ರು. ನಿಮ್ಗೇನೂ ಆಗದ ಹಾಗೆ ನೋಡ್ಕೋತೀನಿ."

"ಅದಿರ್ಲಿ. ಆಯಮ್ಮ ಯಾವ ಆಸ್ಪತ್ರೇಲಿದಾಳೆ?"

ಸ್ವರೂಪನಿಗೆ ಗೊತ್ತಿರಲಿಲ್ಲ.

"ಹೆಸ್ರು?"

ಅದೂ ಗೊತ್ತಿರಲಿಲ್ಲ.

ಕಾಳಪ್ಪ ಕೈ ತೊಳೆದುಕೊಂಡು, ಹೂವಿನವರನ್ನು ವಿಚಾರಿಸುತ್ತೇನೆಂದು ನನಗೆ ಹೇಳಿ, ಮಾರುಕಟ್ಟೆಯ ಕಡೆ ನಡೆದ. ಅವನ ಬೆನ್ನು ಮರೆಯಾಗುವವರೆಗೂ ನೋಡಿದೆ.

"ಅಜ್ಜೀ..." ಎಂದು ಸ್ವರೂಪ್ ಜಗಲಿಯ ಹತ್ತಿರ ಬಂದ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.